ಕ್ಯಾನ್ಸರ್ ಅಂತ ಪ್ರಾಸ್ಟೇಟ್ ತಗಿಸೀನಿ, ರಿಪೋರ್ಟಿನಾಗ ‘ಡಕ್ಟಲ್’ ಅಂತ ಅಪರೂಪದ ಜಾತಿ ಬಂದದ. ಈಗೇ ಕರೆಂಟ್ (ರೇಡಿಯೇಷನ್) ಕೊಡಿಸ್ಲೋ, ಕಾಯ್ಲೋ?

ಗಂಜ್ ಮುನೀಮ, ಕಲಬುರಗಿ
ನಮಸ್ಕಾರ್ರಿ. ನಂಗೀಗ 63. ನೆಹರು ಗಂಜಿನ ದಾಲ್ ಮಿಲ್ಲಿನಾಗ ಮೂವತ್ತು ವರ್ಷ ಲೆಕ್ಕ ಬರದಂವ. ಫೆಬ್ರುವರಿದಾಗ ಹೈದರಾಬಾದಿಗಿ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದೀನಿ. ಮೊದಲ ಬಯಾಪ್ಸಿದಾಗ 12 ಕಡಿ ಸೂಜಿ ಹಾಕಿ ‘ಗ್ಲೀಸನ್ 3+4, ಮಾಮೂಲಿ ಜಾತಿ’ ಅಂದಿದ್ರು. ಗ್ಲೀಸನ್ ಅಂದ್ರ ಕ್ಯಾನ್ಸರ್ ಎಷ್ಟು ಜೋರದ ಅನ್ನೋ ಅಂಕಿ. ಪಿಎಸ್‌ಎ (ರಕ್ತದಾಗ ನೋಡೋ ಪ್ರಾಸ್ಟೇಟಿನ ಪ್ರೋಟೀನು) ಬರೇ 5.8. ಇಡೀ ಗ್ರಂಥಿ ಕೊಯ್ದು ನೋಡಿದ್ರ ಬ್ಯಾರೇನೇ ಬಂತು: ಡಕ್ಟಲ್ ಅಡಿನೋಕಾರ್ಸಿನೋಮಾ, 4+4, ಜತಿಗಿ ಇಂಟ್ರಾಡಕ್ಟಲ್, ಅಂದ್ರ ಗ್ರಂಥಿಯ ನಾಳದೊಳಗೇ ಹಬ್ಬಿದ್ದು. ಸಿಪ್ಪಿ ದಾಟಿ ಜರಾ ಹೊರಗ ಬಂದದ, ಟಿ3ಎ. ಅಂಚು ಸ್ವಚ್ಛ ಅವ. 11 ಲಿಂಫ್ ಗಂಟು ನೋಡ್ಯಾರ, ಒಂದರಾಗೂ ಕ್ಯಾನ್ಸರ್ ಇಲ್ಲ.

ತೊಗರಿ ಚೀಲಕ್ಕ ಕೊಳವಿ ಚುಚ್ಚಿ ಸ್ಯಾಂಪಲ್ ತಗಿಯೋದು ನಂಗ ಹೊಸದಲ್ಲ. ಕೊಳವಿಯಾಗ ಬಂದ ಕಾಳು ಬಂಗಾರದಂಗ ಇರ್ತಾವ, ಚೀಲ ಸುರುವಿದ್ರ ತಳದಾಗ ನುಸಿ. ನನ್ನ ಮೈಯಾಗೇ ಹಂಗ ಆಗ್ಯದ.

7 ವಾರಕ್ಕ ಪಿಎಸ್‌ಎ 0.03. ಆಪರೇಷನ್ ಮಾಡಿದ ಡಾಕ್ಟ್ರು ‘ಕಾಯ್ರಿ, ಮೂರು ತಿಂಗಳಿಗೊಮ್ಮೆ ನೋಡೋಣ’ ಅಂತಾರ. ಇಲ್ಲಿಯ ರೇಡಿಯೇಷನ್ ಡಾಕ್ಟ್ರು ‘ಅಪರೂಪದ್ದು ಅದ, ಈಗೇ ಕೊಡೋಣ’ ಅಂತಾರ. ಮೂತ್ರ ಸೋರ್ತದ, ಇನ್ನೂ ದಿನಕ್ಕ ಮೂರು ಪ್ಯಾಡ್ ಬೇಕು. ಧೋತರ ಬಿಟ್ಟು ಮಗನ ಟ್ರ್ಯಾಕ್ ಪ್ಯಾಂಟ್ ಹಾಕ್ಲಕತ್ತೀನಿ. ಯಾರ ಮಾತು ಕೇಳ್ಲಿ?

ಬೀದರ್ ಕಾಕಾ
ಅಣ್ಣಾ, ನಂದು 2021ರಾಗ ಆಯ್ತು. ಖರೇ ಹೇಳಬೇಕಂದ್ರ ನಂದು ಮಾಮೂಲಿ ಜಾತಿ, ನಿಮಗ ಪೂರಾ ಹೊಂದಲ್ಲ. ನಾ ಕಾದೆ. ಪಿಎಸ್‌ಎ 0.09 ಇದ್ದದ್ದು 0.14 ಆಯ್ತು, ಮುಂದ 0.21. ಎರಡು ಸಲ ನೋಡಿದ್ರೂ 0.2ರ ಮ್ಯಾಲ ಇದ್ರ ತಿರುಗಿ ಬಂದದ ಅಂತ ಲೆಕ್ಕ. 33 ದಿನ ಕರೆಂಟ್, ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್. ಕರೆಂಟಿಗಿ ದಿನಾ ಮೂತ್ರಚೀಲ ತುಂಬಿಕೊಂಡು ಮಲಗಬೇಕು. ಮೂರು ಪ್ಯಾಡಿನಂವಗ ಅದು ಆಗೋ ಮಾತಲ್ಲ, ಮೊದಲ ಸೋರೋದು ಕಡಿಮಿ ಮಾಡ್ಕೊರಿ. ಇಂಜೆಕ್ಷನ್ ಇದ್ದಾಗ ಜನವರಿ ಚಳಿಯಾಗ ಫ್ಯಾನ್ ಹಾಕ್ತಿದ್ದೆ, ಮನಿಯಾಕಿ ರಜಾಯಿ ಹೊದ್ದು ಬೈತಿದ್ಳು. ಮತ್ತ, ಪಿಎಸ್‌ಎ ಒಂದೇ ಲ್ಯಾಬಿನಾಗ ಮಾಡಿಸ್ರಿ.

ಸ್ಲೈಡ್ ಹುಡುಗ, ಯಾದಗಿರಿ
ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಸ್ಲೈಡ್ ತಯಾರಿಸೋನು, ಡಾಕ್ಟರ್ ಅಲ್ಲ. ಸ್ಲೈಡು, ಗ್ರಂಥಿಯ ತುಂಡು ಕೂರಿಸಿದ ಮೇಣದ ಬ್ಲಾಕು ಎರಡೂ ಇಸ್ಕೊಂಡು ಪ್ರಾಸ್ಟೇಟ್ ಹೆಚ್ಚು ನೋಡೋ ಕಡೆ ಇನ್ನೊಮ್ಮೆ ಓದಿಸಿ. ರಿಪೋರ್ಟ್ ಜೆರಾಕ್ಸ್ ಒಯ್ದರೆ ಜೆರಾಕ್ಸನ್ನೇ ಓದ್ತಾರೆ. ಡಕ್ಟಲ್ ಎಷ್ಟು ಪಾಲು, ಸ್ಮಾಲ್ ಸೆಲ್ ಅನ್ನೋ ಇನ್ನೂ ಜೋರಿನ ಜಾತಿ ಏನಾದರೂ ಸೇರಿದೆಯಾ ಕೇಳಿ. ಸೇರಿದ್ದರೆ ಕೀಮೋ ಮಾತು ಬರುತ್ತೆ.

ಇಬ್ಬರು ಡಾಕ್ಟರೂ ಸುಮ್ಮನೆ ಹೇಳ್ತಿಲ್ಲ. 2020ರಲ್ಲಿ ರಾಡಿಕಲ್ಸ್, ರೇವ್ಸ್, ಗೆಟುಗ್ 17 ಅಂತ ಮೂರು ಅಧ್ಯಯನ ಪ್ರಕಟವಾದವು. ಕೂಡಲೇ ಕರೆಂಟ್ ಕೊಟ್ಟವರಿಗೆ, ಪಿಎಸ್‌ಎ ಏರುತ್ತಿದ್ದಂಗೆ ತಡ ಮಾಡದೆ ಕೊಟ್ಟವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ, ಮೂತ್ರದ ತೊಂದರೆ ಜಾಸ್ತಿಯಾಯ್ತು. ಸರ್ಜನ್ ನೆಚ್ಚಿರೋದು ಅದನ್ನ. ಆದರೆ ಡಕ್ಟಲ್ ಕೆಲವೊಮ್ಮೆ ಪಿಎಸ್‌ಎ ಏರಿಸದೇ ಬೆಳೆಯುತ್ತೆ, ಇನ್ನೊಬ್ಬರ ಭಯ ಅದು. ಕಾಯೋದಾದರೆ ಸ್ಕ್ಯಾನ್ ಯಾವಾಗ ಅಂತ ಈಗಲೇ ಬರೆಸ್ಕೊಳ್ಳಿ. 0.03 ಇರುವಾಗ ಪಿಎಸ್‌ಎಂಎ ಪೆಟ್ (ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕೋ ಸ್ಕ್ಯಾನ್) ಮಾಡಿಸಿದರೆ ಬಹುತೇಕ ಏನೂ ಕಾಣಲ್ಲ.

ಮನೆಯಲ್ಲಿ ಯಾರಿಗಾದರೂ ಸ್ತನದ, ಅಂಡಾಶಯದ ಕ್ಯಾನ್ಸರ್ ಇತ್ತಾ?

ಗಂಜ್ ಮುನೀಮ
ಅಕ್ಕ. 47ಕ್ಕ ಸ್ತನದ ಕ್ಯಾನ್ಸರಿನಾಗ ಹೋದ್ಳು. ಯಾರೂ ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ. ಹೆಣ್ಮಕ್ಕಳ ಬ್ಯಾನಿಗೂ ಇದಕ್ಕೂ ಏನ್ರಿ ಸಂಬಂಧ?

ಸ್ಲೈಡ್ ಹುಡುಗ, ಯಾದಗಿರಿ
ಬಿಆರ್‌ಸಿಎ2 ಅನ್ನೋ ಜೀನ್ ಕೆಟ್ಟಿದ್ದರೆ ಎರಡೂ ಬರಬಹುದು. ಇಂಟ್ರಾಡಕ್ಟಲ್ ಬಂದವರು ಆ ರಕ್ತಪರೀಕ್ಷೆ ಬಗ್ಗೆ ಕೇಳಲೇಬೇಕು, ನಿಮಗಂತೂ ಅಕ್ಕನ ಕಥೆಯೂ ಇದೆ. ಕೆಟ್ಟಿದೆ ಅಂತ ಬಂದರೆ ಮಕ್ಕಳಿಗೂ ನೋಡಬೇಕು, ಗಂಡು ಹೆಣ್ಣು ಇಬ್ಬರಿಗೂ. ಬ್ಲಾಕ್ ತರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಡಬೇಡಿ, ಮೇಣ ಅದು.

ಗಂಜ್ ಮುನೀಮ
ಹದಿನೈದು ದಿನ ಆಯ್ತು, ಹೇಳ್ಬೇಕಲ್ಲ. ಅಕ್ಕನ ಸುದ್ದಿ ರೇಡಿಯೇಷನ್ ಡಾಕ್ಟ್ರಿಗಿ ಹೇಳ್ದೆ, ಪೆನ್ನು ಕೆಳಗಿಟ್ರು. ರಕ್ತ ಕಳಿಸ್ಯಾರ. ಎರಡನೇ ಓದು ಬರೋ ತನಕ, ಪ್ಯಾಡ್ ಒಂದಕ್ಕ ಇಳಿಯೋ ತನಕ ಕರೆಂಟ್ ಬ್ಯಾಡ ಅಂತ ಇಬ್ಬರು ಡಾಕ್ಟ್ರೂ ಫೋನಿನಾಗ ಮಾತಾಡಿ ಒಪ್ಯಾರ. ಈಗ ಎರಡು ಪ್ಯಾಡ್. ಹೈದರಾಬಾದಿನಿಂದ ಬ್ಲಾಕ್ ತಂದೆ, 14 ಅವ. ಮನಿಯಾಕಿ ರೊಟ್ಟಿ ಡಬ್ಬಿ ಖಾಲಿ ಮಾಡಿ, ಒದ್ದಿ ಅರಬಿ ಸುತ್ತಿ ಕೊಟ್ಟಿದ್ಳು. ರೈಲಿನಾಗ ವಾಡಿ ದಾಟೋ ತನಕ ಡಬ್ಬಿ ತೊಡಿ ಮ್ಯಾಲೇ ಇತ್ತು. ಎದುರಿಗಿ ಕುಂತಂವ ‘ಏನ್ ಪಲ್ಯ ಕಾಕಾ?’ ಅಂದ.