ಸಹಾಯ ಬೇಕು: ವಾರಂಟಿ ಮುಗಿಯುವುದರೊಳಗೆ ಕಾರಿನ ಫ್ಯೂಯಲ್ ಗೇಜ್ ಸರಿ ಮಾಡಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಪೆಟ್ರೋಲ್ ಕಾರಿನ ಫ್ಯೂಯಲ್ ಗೇಜ್ ಕೆಟ್ಟಿದೆ. ಫುಲ್ ಟ್ಯಾಂಕ್ ಹಾಕಿಸಿದರೂ ಮುಳ್ಳು ಅರ್ಧಕ್ಕಿಂತ ಮೇಲೆ ಏರುವುದಿಲ್ಲ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಖಾಲಿ ಎಂದು ತೋರಿಸುತ್ತದೆ. ವಾರಂಟಿ ಮುಂದಿನ ತಿಂಗಳು ಮುಗಿಯುತ್ತದೆ.

ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ, 'ಎರರ್ ಕೋಡ್ ಏನೂ ಬರ್ತಿಲ್ಲ ಸರ್, ಗಾಡಿ ಸರಿ ಇದೆ' ಎಂದು ಕಳಿಸಿಬಿಟ್ಟರು. ಇದನ್ನು ಒಪ್ಪಲು ನನಗೆ ಆಗುತ್ತಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಮೇಲೆ ಕೆಳಗೆ ಹೋದಂತೆ, ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್ ಯೂನಿಟ್‌ನ ರೆಸಿಸ್ಟೆನ್ಸ್ (ವಿದ್ಯುತ್ ಪ್ರತಿರೋಧ) ಬದಲಾಗುತ್ತದೆ, ಮುಳ್ಳು ಅದನ್ನೇ ತೋರಿಸುತ್ತದೆ. ಫ್ಲೋಟ್ ಸಿಕ್ಕಿಕೊಂಡರೆ ಕೋಡ್ ಬರಲೇಬೇಕು ಅಂತೇನೂ ಇಲ್ಲ. ಮಲ್ಟಿಮೀಟರ್ ಹಿಡಿದು ಆ ರೆಸಿಸ್ಟೆನ್ಸ್ ನೋಡಿದರೆ ಗೊತ್ತಾಗುತ್ತದೆ, ಅಲ್ವಾ? ಎಷ್ಟೋ ಕಾರುಗಳಲ್ಲಿ ಈ ಯೂನಿಟ್ ಫ್ಯೂಯಲ್ ಪಂಪ್ ಜೊತೆಗೇ ಇರುತ್ತದೆ. ವಾರಂಟಿ ಮುಗಿದ ಮೇಲೆ ಇಡೀ ಸೆಟ್ ಬದಲಿಸಿ ಎಂದರೆ ಖರ್ಚು ತುಂಬಾ ಜಾಸ್ತಿ.

ಅಮ್ಮನನ್ನು ಸಕಲೇಶಪುರದಿಂದ ಮಂಗಳೂರಿನ ಆಸ್ಪತ್ರೆಗೆ ಆಗಾಗ ಕರೆದುಕೊಂಡು ಹೋಗಬೇಕು. ಶಿರಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಪೆಟ್ರೋಲ್ ಮುಗಿದರೆ ಏನು ಗತಿ? ಅದೇ ಚಿಂತೆ. ಈಗ ಎಷ್ಟು ಕಿಲೋಮೀಟರ್ ಓಡಿತು ಎಂದು ಟ್ರಿಪ್ ಮೀಟರ್ ನೋಡಿಕೊಂಡು ಓಡಿಸುತ್ತಿದ್ದೇನೆ.

ಯಾರಾದರೂ ಸೆಂಡರ್ ಯೂನಿಟ್ ವಾರಂಟಿಯಲ್ಲಿ ಬದಲಿಸಿಕೊಂಡಿದ್ದೀರಾ? ಸರ್ವಿಸ್ ಸೆಂಟರ್ ಕೊಡುವ ಜಾಬ್ ಕಾರ್ಡ್‌ನಲ್ಲಿ ದೂರು ಬರೆಸಿದ್ದೇನೆ. ಅಂಥ ದೂರಿನ ಆಧಾರದ ಮೇಲೆ ವಾರಂಟಿ ಮುಗಿದ ನಂತರವೂ ನಿಮಗೆ ಯಾರಿಗಾದರೂ ಉಚಿತವಾಗಿ ಮಾಡಿಕೊಟ್ಟಿದ್ದಾರಾ? ಕಂಪನಿಗೆ ಇಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೆಲಸ ಆದವರಿದ್ದರೆ ದಯವಿಟ್ಟು ತಿಳಿಸಿ. ಹೊರಗಿನ ಗ್ಯಾರೇಜ್‌ನಲ್ಲಿ ಬಿಚ್ಚಿಸುವ ಸಲಹೆ ಮಾತ್ರ ಬೇಡ. ಸುಮ್ನೆ ವಾರಂಟಿ ತಪ್ಪಿಸಲು ಕಂಪನಿಯವರಿಗೆ ನೆಪ ಸಿಗುತ್ತದೆ.