ದಾವಣಗೆರೆಯಲ್ಲಿ ಆರು ಜನ ಗೆಳೆಯರು ಆರಾಮಾಗಿ ಕೂತು ಊಟ ಮಾಡೋಕೆ ಎಲ್ಲಿ ಹೋಗೋದು?

ವಿದ್ಯಾನಗರದವನು

ದಾವಣಗೆರೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಡಿಪ್ಲೊಮಾದಲ್ಲಿ ಜೊತೆಗೆ ಓದಿದವರು ಮುಂದಿನ ಭಾನುವಾರ ಊರಿಗೆ ಬರುತ್ತಿದ್ದಾರೆ. ನನ್ನನ್ನೂ ಸೇರಿಸಿ ಆರು ಜನ. ಇಬ್ಬರು ಬೆಂಗಳೂರಿನಿಂದ ಬೆಳಗಿನ ಜನಶತಾಬ್ದಿಗೆ, ಒಬ್ಬ ಹುಬ್ಬಳ್ಳಿಯಿಂದ, ಇನ್ನೊಬ್ಬ ಹರಿಹರದಿಂದ ಬೈಕಿನಲ್ಲಿ. ಮತ್ತೊಬ್ಬನ ಅಂಗಡಿ ಇಲ್ಲೇ ಮಂಡಿಪೇಟೆಯಲ್ಲಿದೆ. ಅವನು ವ್ಯಾಪಾರದ ನೆಪ ಹೇಳಿ ತಪ್ಪಿಸಿಕೊಂಡ. ಜಾಗ ಹುಡುಕುವ ಕೆಲಸ ನನ್ನ ಕುತ್ತಿಗೆಗೆ ಬಂತು. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಎಲ್ಲಾದ್ರೂ ಸರಿ." ಹಾಗೆ ಅಂದವರೇ ಹೋಗಿ ಕೂತ ಮೇಲೆ ನೂರೆಂಟು ತಕರಾರು ತೆಗೆಯೋದು, ಅಲ್ವಾ?

ಬೆಣ್ಣೆ ದೋಸೆ ಅಂತೂ ಆಗಲೇಬೇಕು. ಅದು ಬಿಟ್ಟು ಬೇರೆ ಕಡೆ ಕರೆದುಕೊಂಡು ಹೋದರೆ ಬೆಂಗಳೂರಿನವರು ನನ್ನನ್ನು ಊರಿಗೇ ಸೇರಿಸುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ದೋಸೆ ಹೋಟೆಲಿನ ಪರಿಸ್ಥಿತಿ ನಿಮಗೆ ಗೊತ್ತಲ್ಲ. ನೀವು ಕೂತ ಕುರ್ಚಿಯ ಬೆನ್ನಿನ ಮೇಲೆ ಆಗಲೇ ಯಾರದ್ದೋ ಕೈ. ಹಿಂದೆ ನಿಂತವರು ನಿಮ್ಮ ತಟ್ಟೆಯಲ್ಲಿ ಎಷ್ಟು ಪಲ್ಯ ಉಳಿದಿದೆ ಅಂತ ಲೆಕ್ಕ ಹಾಕುತ್ತಿರುತ್ತಾರೆ. ಕೊನೇ ತುಂಡು ಬಾಯಿಗೆ ಹೋಗುವುದರೊಳಗೆ ಮಗುವನ್ನು ಪಕ್ಕದಲ್ಲಿ ತೂರಿಸಿ ಕೂರಿಸುತ್ತಾರೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದಂತೆ. ಅಲ್ಲಿ ಕೂತು ಹಳೇ ಹಾಸ್ಟೆಲ್ ಕಥೆ ತೆಗೆಯೋಕೆ ಆಗುತ್ತಾ? ನನಗೆ ಬೇಕಿರುವುದು ಎರಡು ತಾಸು ಯಾರೂ ಎಬ್ಬಿಸದ ಜಾಗ.

ಇನ್ನು ಇವರ ರುಚಿ. ಹರಿಹರದವನು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೊಟ್ಟೆ ಬೇಯಿಸಿದ ಕಡೆ ನೀರೂ ಕುಡಿಯುವುದಿಲ್ಲ. ಹುಬ್ಬಳ್ಳಿಯವನಿಗೆ ಭಾನುವಾರ ಮಟನ್ ಇಲ್ಲದಿದ್ದರೆ ಅದು ಭಾನುವಾರವೇ ಅಲ್ಲ. ಬೆಂಗಳೂರಿನ ಒಬ್ಬನಿಗೆ ಈಗ ಶುಗರ್ ಬಂದಿದೆ, ಅನ್ನ ಕಮ್ಮಿ. ಮಂಡಿಪೇಟೆಯವನಿಗೆ ಅರ್ಧ ತಾಸಿಗೊಂದು ಚಹಾ ಬೇಕು.

ಹೋದ ಸಲ ಹೀಗೇ ಸೇರಿದ್ದಾಗ ಒಂದು ಎಸಿ ರೆಸ್ಟೋರೆಂಟಿಗೆ ಹೋಗಿದ್ದೆವು. ಹೆಸರು ಬೇಡ. ಎಬ್ಬಿಸಲಿಲ್ಲ, ನಿಜ. ಆದರೆ ಬಿಲ್ಲಿನ ಕೆಳಗೆ ಜಿಎಸ್‌ಟಿ ಬೇರೆ, ಅದರ ಜೊತೆ ಸರ್ವಿಸ್ ಚಾರ್ಜ್ ಬೇರೆ. ಕೇಳಿದರೆ "ಅದು ಸಿಸ್ಟಮ್ಮೇ ಹಾಕುತ್ತೆ ಸರ್" ಅಂದರು. ಗೆಳೆಯರ ಮುಂದೆ ಜಗಳ ಯಾಕೆ ಅಂತ ಕೊಟ್ಟು ಬಂದೆವು. ಅದು ಕೊಡಲೇಬೇಕಾ?

ಪಿ.ಜೆ. ಬಡಾವಣೆ ಅಕ್ಕ

ತಮ್ಮಾ, ಎಲ್ಲಾ ಒಂದೇ ಜಾಗದಲ್ಲಿ ಸಿಗಬೇಕು ಅನ್ನುವುದೇ ತೊಂದರೆ. ನಮ್ಮೂರು ಹಾಗೆ ಕಟ್ಟಿದ ಊರಲ್ಲ. ಇಲ್ಲಿ ದೋಸೆಗೆ ಒಂದು ಕಡೆ, ರೊಟ್ಟಿಗೆ ಒಂದು ಕಡೆ, ಮಂಡಕ್ಕಿಗೆ ಇನ್ನೊಂದು ಕಡೆ. ನಡೆದುಕೊಂಡು ತಿನ್ನುವ ಊರು ಇದು. ಮಾತು ನಡುವಿನ ದಾರಿಯಲ್ಲಿ ಆಗಬೇಕು.

ದೋಸೆ ಹೋಟೆಲಿನಲ್ಲಿ ಎಬ್ಬಿಸುತ್ತಾರೆ ಅಂತ ಬೇಜಾರು ಯಾಕೆ? ಅದು ಹುಟ್ಟಿದ್ದೇ ನಾಟಕದ ಥಿಯೇಟರ್ ಮುಂದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಶುರು ಮಾಡಿದ್ದು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಆಗ ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ, ಮಂಡಕ್ಕಿ ರುಬ್ಬಿ ಹಾಕುವುದು ಆಮೇಲೆ ಬಂತು. ನಾಟಕ ನೋಡಲು ಬಂದವರು ಗಬಗಬ ತಿಂದು ಒಳಗೆ ಓಡುತ್ತಿದ್ದ ತಿಂಡಿ ಅದು, ನನ್ನ ಅಂದಾಜು. ಕಾಲು ಚಾಚಿ ಕೂರುವ ತಿಂಡಿ ಅಲ್ಲ.

ಆರು ಜನ ಒಂದೇ ಟೇಬಲ್ಲಿಗೆ ಕಾಯಬೇಡಿ. ಸಿಕ್ಕಿದ ಕಡೆ ಇಬ್ಬಿಬ್ಬರು ಕೂತುಬಿಡಿ. ಬೆಂಗಳೂರಿನವರಿಗೆ ಮೊದಲು ಓಪನ್ ದೋಸೆ ಹೇಳಿ. ಮಡಚುವುದಿಲ್ಲ, ಮೇಲೆ ಚಟ್ನಿಪುಡಿ, ಪಕ್ಕದಲ್ಲಿ ಬಿಳೀ ಆಲೂಗಡ್ಡೆ ಪಲ್ಯ. ಆ ಪಲ್ಯಕ್ಕೆ ಅರಿಶಿನ ಇಲ್ಲ, ಸಾಸಿವೆ ಒಗ್ಗರಣೆಯ ಆರ್ಭಟ ಇಲ್ಲ. ಮೊದಲ ಸಲ ನೋಡಿದವರು ಸಪ್ಪೆ ಅಂದುಕೊಳ್ಳುತ್ತಾರೆ. ಕಾಯಿ ಚಟ್ನಿಯ ಖಾರ ಸೇರಿದಾಗ ಗೊತ್ತಾಗುತ್ತದೆ. ಶುಗರ್ ಇರುವವನಿಗೆ ಖಾಲಿ ದೋಸೆ ಬೇಡ. ಒಂದು ಅಂತ ಶುರುವಾಗಿ ಎಷ್ಟಾಯಿತು ಅನ್ನುವ ಲೆಕ್ಕ ತಪ್ಪುತ್ತದೆ.

ಕೂತರೆ ಒಲೆ ಕಾಣುವ ಕಡೆ ಕೂರಿ. ಹಂಚಿನ ಮೇಲೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುವುದು, ಹಿಟ್ಟು ಸಾಲಾಗಿ ಹುಯ್ಯುವುದು, ಕೊನೆಗೆ ಬೆಣ್ಣೆ ಉಂಡೆ ಹಾಕುವುದು, ಅದರ ಹಿಂದೆ ಕಟ್ಟಿಗೆಯ ಹೊಗೆ. ಅದನ್ನು ನೋಡುತ್ತಾ ಕೂತರೆ ಮಾತಾಡಬೇಕು ಅಂತಲೇ ಅನಿಸುವುದಿಲ್ಲ.

ಹಳೇ ಮಿಲ್ ಏರಿಯಾ

ಅಕ್ಕಾ, ಎಲ್ಲಾ ಸರಿ. ಆದರೆ ಓಪನ್ ದೋಸೆ ಮೊದಲಾ? ಮೊದಲು ಸಾದಾ ಬೆಣ್ಣೆ ದೋಸೆ, ಆಮೇಲೆ ಓಪನ್. ಚಟ್ನಿಪುಡಿ ನಾಲಿಗೆ ಮೇಲೆ ಕೂತ ಮೇಲೆ ಬೆಣ್ಣೆ ರುಚಿ ಎಲ್ಲಿಂದ ಸಿಗಬೇಕು? ಇದರ ಮೇಲೆ ನನ್ನ ಹತ್ತಿರ ವಾದ ಬೇಡ.

ಖಾನಾವಳಿ ಯಜಮಾನ

ನಾನು ಊರಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತೇನೆ. ನನ್ನ ಜಾಗದ ಹೆಸರು ಹೇಳುವುದಿಲ್ಲ, ಪ್ರಚಾರ ಅಂತೀರಿ. ಗಲ್ಲಾ ಈ ಕಡೆ ಕೂತವನ ಮಾತನ್ನೂ ಕೇಳಿ.

ಗಿರಾಕಿಯನ್ನು ಎಬ್ಬಿಸೋಕೆ ನಮಗೂ ಇಷ್ಟ ಇಲ್ಲ ಸರ್. ಸಣ್ಣ ಹೋಟೆಲಿಗೆ ಇಡೀ ದಿನದ ವ್ಯಾಪಾರ ಆಗುವುದು ಒಂದೆರಡು ತಾಸಿನಲ್ಲಿ. ಭಾನುವಾರ ಮಧ್ಯಾಹ್ನ ಒಂದರಿಂದ ಎರಡೂವರೆ. ಆಗ ಊಟ ಮುಗಿಸಿ ಎಲೆ ಮುಂದೆ ಕೂತು ಮೊಬೈಲಿನಲ್ಲಿ ಹಳೇ ಫೋಟೋ ತೋರಿಸಿಕೊಂಡರೆ, ಬಾಗಿಲಲ್ಲಿ ನಿಂತ ಸಂಸಾರ ಪಕ್ಕದ ಹೋಟೆಲಿಗೆ ಹೋಗುತ್ತದೆ. ಬಾಡಿಗೆ, ಕೆಲಸದವರ ಸಂಬಳ, ಸಿಲಿಂಡರ್ ಎಲ್ಲಾ ಆ ಹೊತ್ತಿನಲ್ಲೇ ಹುಟ್ಟಬೇಕು. ಅದೇ ನೀವು ಎರಡೂ ಮುಕ್ಕಾಲಿಗೆ ಬನ್ನಿ. ನಾಲ್ಕೂವರೆ ತನಕ ಕೂರಿ, ಯಾರು ಏನು ಅನ್ನುತ್ತಾರೆ? ನಾನೇ ಬಂದು ಪಕ್ಕದಲ್ಲಿ ಕೂತು ಕಥೆ ಕೇಳುತ್ತೇನೆ.

ಬೆಳಿಗ್ಗೆ ದೋಸೆ ತಿಂದವರಿಗೆ ಹೇಗೂ ಒಂದು ಗಂಟೆಗೆ ಹಸಿವಾಗುವುದಿಲ್ಲ. ಹಾಗಾಗಿ ನಿಮಗೂ ಆ ಹೊತ್ತೇ ಸರಿ.

ಆದರೆ ಒಂದು ತಾಸು ಮೊದಲು ಫೋನ್ ಮಾಡಿ. ಸುಮ್ನೆ ಹೇಳುತ್ತಿಲ್ಲ. ಚಪಾತಿ ಹಿಟ್ಟಿನ ಹಾಗೆ ಜೋಳದ ಹಿಟ್ಟನ್ನು ಬೆಳಿಗ್ಗೆಯೇ ನಾದಿ ಇಡೋಕೆ ಬರುವುದಿಲ್ಲ. ಆಗಿಂದಾಗ ಬಿಸಿನೀರು ಹಾಕಿ ನಾದಬೇಕು, ಆಗಲೇ ಬಡಿಯಬೇಕು. ತಡವಾದರೆ ಅಂಚು ಬಿರಿಯುತ್ತದೆ. ಎರಡೂವರೆ ಆದ ಮೇಲೆ ರೊಟ್ಟಿ ಬಡಿಯುವ ಅಮ್ಮ ತಾನು ಊಟಕ್ಕೆ ಕೂತಿರುತ್ತಾಳೆ. ಹೇಳದೆ ಆರು ಜನ ನುಗ್ಗಿದರೆ ಅವಳು ತುತ್ತು ಬಿಟ್ಟು ಏಳಬೇಕು, ಇಲ್ಲ ನೀವು ಬೆಳಗಿನ ಕಟಕ ರೊಟ್ಟಿ ತಿನ್ನಬೇಕು. ಮೊದಲೇ ಹೇಳಿದರೆ ಒಲೆ ಆರಿಸುವುದಿಲ್ಲ. ಉಬ್ಬಿದ ರೊಟ್ಟಿ ತಟ್ಟೆಗೆ ಬೀಳುತ್ತದೆ. ಜೊತೆಗೆ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಅನ್ನ ಬೇಡದವನಿಗೂ ಹೊಟ್ಟೆ ತುಂಬುತ್ತದೆ. ಜೋಳ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ, ಅದನ್ನೂ ಅವರಿಗೆ ಹೇಳಿ.

ಮಟನ್ ವಿಷಯ. ಶಾಖಾಹಾರಿ ಗೆಳೆಯನನ್ನು ಮಿಲಿಟರಿ ಹೋಟೆಲಿಗೆ ಎಳೆದುಕೊಂಡು ಹೋಗಿ ಮೊಸರನ್ನ ತಿನ್ನಿಸಬೇಡಿ. ಪಾಪ, ಅವನು ಗೋಡೆ ನೋಡುತ್ತಾ ಕೂರುತ್ತಾನೆ. ನಮ್ಮಂಥ ಲಿಂಗಾಯತ ಖಾನಾವಳಿಯಲ್ಲಿ ಮಟನ್ ಕೇಳಲೂ ಬೇಡಿ. ಹುಬ್ಬಳ್ಳಿಯವರು ದಿನಾ ಸಾವಜಿ ಹೋಟೆಲಿನ ಖಾರದ ಮಟನ್ ತಿನ್ನುವವರು. ಅವರಿಗೆ ಇಲ್ಲಿ ಬಂದು ಅದನ್ನೇ ಹುಡುಕುವ ದರ್ದು ಏನಿದೆ? ಮಟನ್ ತಿನ್ನಲೇಬೇಕು ಅಂದರೆ ದುಗ್ಗಮ್ಮನ ಜಾತ್ರೆಗೆ ಬರಲಿ, ಎರಡು ವರ್ಷಕ್ಕೊಮ್ಮೆ ಆಗುತ್ತದೆ. ಆಗ ಊರಿನ ಮನೆಮನೆಯಲ್ಲೂ ಕರೆದು ಬಡಿಸುತ್ತಾರೆ, ಹೋಟೆಲ್ ಯಾಕೆ ಬೇಕು?

ಕೊನೆಗೆ ಬಿಲ್ಲು. ಆರು ಜನ ಗಲ್ಲಾ ಮುಂದೆ ನಿಂತು "ನಾನು ಕೊಡ್ತೀನಿ, ಕೈ ತೆಗಿ" ಅಂತ ಒಬ್ಬರ ಜೇಬಿಗೆ ಇನ್ನೊಬ್ಬರು ಕೈ ಹಾಕುವ ನಾಟಕ ನಾನು ದಿನಾ ನೋಡುತ್ತೇನೆ. ಕೊನೆಗೆ ಆರೂ ಜನ ಬೇರೆ ಬೇರೆ ಸ್ಕ್ಯಾನ್ ಮಾಡುತ್ತಾರೆ. ಒಬ್ಬರದ್ದು ಆಗುತ್ತದೆ, ಇನ್ನೊಬ್ಬರದ್ದು ಚಕ್ರ ಸುತ್ತುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಯಾರಾದರೂ ಒಬ್ಬರು ಕೊಡಿ. ಹೊರಗೆ ಪಾನ್ ಅಂಗಡಿ ಮುಂದೆ ನಿಂತು ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳಿ. ಜೇಬಿನಲ್ಲಿ ಸ್ವಲ್ಪ ನೋಟು ಇರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತಲ್ಲ, ಆಗಿನಿಂದ ಕೆಲವು ಗಾಡಿಯವರು ಕ್ಯೂಆರ್ ಅಂದರೆ ಮುಖ ತಿರುಗಿಸುತ್ತಾರೆ.

ಜಿಎಸ್‌ಟಿ ಬಗ್ಗೆ ನನ್ನದನ್ನು ಹೇಳುತ್ತೇನೆ. ನಾನಿರುವುದು ಕಾಂಪೋಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಪದ್ಧತಿಯಲ್ಲಿ. ವರ್ಷದ ವಹಿವಾಟು ಒಂದೂವರೆ ಕೋಟಿ ದಾಟದ ಹೋಟೆಲಿನವರು ಇದನ್ನು ತೆಗೆದುಕೊಳ್ಳಬಹುದು. ವಹಿವಾಟಿನ ಮೇಲೆ ಶೇಕಡಾ 5 ನಮ್ಮ ಕೈಯಿಂದ ಕಟ್ಟಬೇಕು, ಗಿರಾಕಿ ಹತ್ತಿರ ಒಂದು ಪೈಸೆ ಜಿಎಸ್‌ಟಿ ತೆಗೆದುಕೊಳ್ಳುವಂತಿಲ್ಲ. ಕಾಂಪೋಸಿಷನ್ ಅಂತ ಬಿಲ್ಲಿನಲ್ಲಿ ಬರೆದೂ ಇರಬೇಕು. ಹಾಗೆ ಬರೆದು, ಕೆಳಗೆ ಜಿಎಸ್‌ಟಿಯನ್ನೂ ಹಾಕಿದ್ದರೆ ಕೇಳಿ. ಕೇಳೋದರಲ್ಲಿ ಮರ್ಯಾದೆ ಹೋಗುವುದಿಲ್ಲ.

ಬಿಲ್ ಓದುವವನು

ಯಜಮಾನ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮಾಮೂಲಿ ರೆಸ್ಟೋರೆಂಟುಗಳಿಗೆ 2017ರ ನವೆಂಬರ್ 15ರಿಂದ ಜಿಎಸ್‌ಟಿ ಶೇಕಡಾ 5. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದು ಸರ್ಕಾರಕ್ಕೆ ಹೋಗುವ ದುಡ್ಡು, ಕೊಡಲೇಬೇಕು.

ಸರ್ವಿಸ್ ಚಾರ್ಜ್ ಹಾಗಲ್ಲ. ಅದು ತೆರಿಗೆಯೇ ಅಲ್ಲ. ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಬೇರೆ ಹೆಸರಿನಲ್ಲಿ ತೆಗೆದುಕೊಳ್ಳುವುದೂ ತಪ್ಪು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. "ಸಿಸ್ಟಮ್ ಹಾಕುತ್ತೆ" ಅಂದರೆ "ಅದೇ ಸಿಸ್ಟಮ್ಮಿನಲ್ಲಿ ತೆಗೆಯಿರಿ" ಅನ್ನಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲಿನ ಫೋಟೋ ಇಟ್ಟುಕೊಂಡಿರಿ. ಬಡಿಸಿದ ಹುಡುಗನಿಗೆ ಟಿಪ್ಸ್ ಕೊಡಬೇಕು ಅನಿಸಿದರೆ ಅವನ ಕೈಗೇ ಕೊಡಿ.

ಹಳೇ ಮಿಲ್ ಏರಿಯಾ

ಇಷ್ಟೆಲ್ಲಾ ಯಾಕೆ ಗುರು? ದೋಸೆ ಪಾರ್ಸೆಲ್ ಕಟ್ಟಿಸಿಕೊಂಡು ಕುಂದವಾಡ ಕೆರೆ ಕಡೆ ಹೋಗಿ ಕೂರಿ. ಎಬ್ಬಿಸೋರು ಯಾರಿದ್ದಾರೆ?

ಪಿ.ಜೆ. ಬಡಾವಣೆ ಅಕ್ಕ

ಬೆಣ್ಣೆ ದೋಸೆ ಪಾರ್ಸೆಲ್ಲಾ? ಕೆರೆ ಮುಟ್ಟುವುದರೊಳಗೆ ಆವಿಗೆ ಮೆತ್ತಗಾಗಿರುತ್ತದೆ, ಚಟ್ನಿ ಬೇರೆ ಸೋರಿರುತ್ತದೆ. ಮೊದಲು ಬೆಣ್ಣೆ ರುಚಿ ಅಂತ ವಾದ ಮಾಡಿದವರು ನೀವೇ ಅಲ್ವಾ?

ಕೆರೆ ಕಡೆ ಹೋಗುವುದಾದರೆ ಮಂಡಕ್ಕಿ ಒಯ್ಯಿರಿ. ನರ್ಗಿಸ್ ಮಂಡಕ್ಕಿ ಒಣಗಿರುತ್ತದೆ, ಹುರಿಗಡಲೆ ಪುಡಿ ಮೆತ್ತಿಕೊಂಡಿರುತ್ತದೆ, ತಾಸೆರಡು ತಾಸು ಏನೂ ಆಗುವುದಿಲ್ಲ. ಈರುಳ್ಳಿ, ಟೊಮೆಟೊ ಬೇರೆ ಪೊಟ್ಟಣದಲ್ಲಿ ಕೇಳಿ ತೆಗೆದುಕೊಳ್ಳಿ. ಮೊದಲೇ ಕಲಸಿಸಿದರೆ ಕೆಟ್ಟಿತು. ಮಿರ್ಚಿ ಮಾತ್ರ ಅಲ್ಲೇ ಗಾಡಿ ಮುಂದೆ ನಿಂತು ಬಿಸಿ ಇದ್ದಾಗಲೇ ತಿಂದು ಮುಗಿಸಿ. ಸಂಜೆ ರಾಮ್ ಅಂಡ್ ಕೋ ಸರ್ಕಲ್ ಕಡೆ ಹೋದರೆ ಗಾಡಿಗಳಿಗೆ ಬರ ಇಲ್ಲ. ಮಿರ್ಚಿಯನ್ನು ಪೇಪರಿನಲ್ಲಿ ಕೊಟ್ಟರೆ ತಟ್ಟೆ ಕೇಳಿ. ಎಣ್ಣೆಗೆ ಅಕ್ಷರದ ಮಸಿ ಹತ್ತುತ್ತದೆ.

ವಿದ್ಯಾನಗರದವನು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಗುಂಪಿನಲ್ಲಿ ಹಾಕಿಬಿಟ್ಟಿದ್ದೇನೆ. ರೈಲು ಇಳಿದವರು ಸೀದಾ ದೋಸೆಗೆ, ಸಿಕ್ಕ ಕಡೆ ಇಬ್ಬಿಬ್ಬರು. ಆಮೇಲೆ ಮಂಡಿಪೇಟೆಯವನ ಅಂಗಡಿಯಲ್ಲಿ ಚಹಾ, ತಪ್ಪಿಸಿಕೊಂಡಿದ್ದಕ್ಕೆ ಅದೇ ಶಿಕ್ಷೆ. ಎರಡೂ ಮುಕ್ಕಾಲಿಗೆ ಖಾನಾವಳಿ. ಸಂಜೆ ಮಿರ್ಚಿ, ಮಂಡಕ್ಕಿ, ಅಲ್ಲಿಂದ ಸ್ಟೇಷನ್. ಹುಬ್ಬಳ್ಳಿಯವನು ಮಟನ್ ಇಲ್ಲ ಅಂತ ಒಂದು ಅಳುವ ಮುಖ ಕಳಿಸಿದ್ದಾನೆ. ಜಾತ್ರೆಗೆ ಕರೆಯುತ್ತೇನೆ ಅಂದೆ, ಈಗಲೇ ತಾರೀಕು ಕೇಳುತ್ತಿದ್ದಾನೆ. ದುಡ್ಡು ಮಂಡಿಪೇಟೆಯವನು ಕೊಡುತ್ತಾನೆ, ರಾತ್ರಿ ಲೆಕ್ಕ ಹಾಕಿ ಎಲ್ಲರೂ ಅವನಿಗೆ ಕಳಿಸುತ್ತೇವೆ. ವ್ಯಾಪಾರಸ್ಥ, ಪೈಸೆ ಬಿಡುವವನಲ್ಲ.

ಯಜಮಾನ್ರೆ, ನಿಮ್ಮ ಜಾಗ ಎಲ್ಲಿ ಅಂತ ಮೆಸೇಜಿನಲ್ಲಾದರೂ ತಿಳಿಸಿ. ಇಲ್ಲಿ ಪ್ರಚಾರ ಬೇಡ ಅಂದರೆ ಬೇಡ.

ಖಾನಾವಳಿ ಯಜಮಾನ

ಕಳಿಸಿದ್ದೇನೆ. ಕೆನೆ ಮೊಸರು ಬೇಕಿದ್ದರೆ ಶನಿವಾರವೇ ಹೇಳಿ, ಹೆಪ್ಪು ಹಾಕಬೇಕು. ಎಣ್ಣೆಗಾಯಿಗೆ ಖಾರ ಎಷ್ಟು ಅಂತಲೂ ಹೇಳಿ. ಬೆಂಗಳೂರಿನವರು ಇದ್ದಾರೆ ಅಂದಿರಿ.