ಆರ್ಮಿ ಆರಿಸುವುದೋ, ದಂಡು ಕಟ್ಟುವುದೋ?

ಗೆಳೆಯರೇ,

ಮೇಜಿನ ಮೇಲೆ ಪುಟಾಣಿ ಗೊಂಬೆಗಳನ್ನು ಸಾಲುಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟಗಳ ಬಗ್ಗೆ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಯಾವ ಆರ್ಮಿ ತಗೊಳ್ಳಲಿ?’ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಅಲ್ಲೇ ನನ್ನ ಬರವಣಿಗೆ ನಿಂತಿದೆ. ಈ ‘ಆರ್ಮಿ’ಗೆ ಯಾವ ಪದ ಹಾಕಲಿ?

‘ಸೇನೆ’ ಅಂತ ಬರೆದು ಮುಗಿಸು ಅನ್ನಬೇಡಿ. ಆಡುವವರ ಬಾಯಲ್ಲಿ ಆರ್ಮಿ ಅಂದರೆ ಮೂರು ಬೇರೆ ಬೇರೆ ಸಂಗತಿ. ಮೂರಕ್ಕೂ ಒಂದೇ ಪದ ಇರುವುದರಿಂದಲೇ ಹೊಸಬರು ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ ಅನ್ನುವುದು ನನ್ನ ಗುಮಾನಿ.

ಉದಾಹರಣೆಗೆ ವಾರ್‌ಹ್ಯಾಮರ್ ತಗೊಳ್ಳಿ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ಶುರು ಮಾಡಿದ ಆಟ. 2015ರಲ್ಲಿ ಅದರ ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ಬಂತು. ಹಳೆಯ ಆಟದ ಕಾಲ್ಪನಿಕ ಲೋಕ ಮತ್ತೆ ಬಂದದ್ದು 2024ರ ಜನವರಿಯಲ್ಲಿ, ‘ದಿ ಓಲ್ಡ್ ವರ್ಲ್ಡ್’ ಅನ್ನುವ ಹೆಸರಲ್ಲಿ. ನಾನು ಬರೆಯುತ್ತಿರುವುದು ಈ ಓಲ್ಡ್ ವರ್ಲ್ಡ್ ಬಗ್ಗೆ.

ಮೊದಲನೆಯ ಅರ್ಥ: ನೀವು ಯಾರ ಕಡೆ? ಗಿಡ್ಡ ಜನರಾದ ಡ್ವಾರ್ಫ್‌ಗಳ ಕಡೆಯೋ, ಕುದುರೆ ಸವಾರರ ಬ್ರೆಟೋನಿಯಾದ ಕಡೆಯೋ, ಗೋರಿಯಿಂದ ಎದ್ದು ಬರುವ ಟೂಂಬ್ ಕಿಂಗ್‌ಗಳ ಕಡೆಯೋ? ಇದಕ್ಕೆ ‘ಕುಲ’ ಸರಿಹೋಗುವುದಿಲ್ಲ, ಬ್ರೆಟೋನಿಯಾ ಒಂದು ರಾಜ್ಯ. ‘ನಾಡು’ ಅಂದರೆ ಅಲೆದಾಡುವ, ರಾಕ್ಷಸರಂಥ ಓರ್ಕ್‌ಗಳಿಗೆ ಒಗ್ಗುವುದಿಲ್ಲ. ‘ಬಣ’ ಅರ್ಥಕ್ಕೆ ಹತ್ತಿರ. ಆದರೆ ಆ ಪದ ಕೇಳಿದ ಕೂಡಲೇ ರೆಸಾರ್ಟಿನಲ್ಲಿ ಕೂತ ಶಾಸಕರು ಕಣ್ಣಮುಂದೆ ಬರುತ್ತಾರೆ. ‘ಪಾಳಯ’ ನನಗೆ ಹಿಡಿಸಿದೆ. ‘ನಿಂದು ಯಾವ ಪಾಳಯ?’ ಅಂತ ಸಲೀಸಾಗಿ ಕೇಳಬಹುದು, ಅಲ್ವಾ?

ಈ ಆಯ್ಕೆ ಬರೀ ಚಂದ ನೋಡಿ ಮಾಡುವಂಥದ್ದಲ್ಲ, ಚಂದವೂ ಬೇಕು ಅನ್ನಿ. ಡ್ವಾರ್ಫ್ ಕಾಲಾಳು ಒಂದು ಸರದಿಗೆ ನಡೆಯುವುದು 3 ಇಂಚು, ಮನುಷ್ಯ 4. ಡ್ವಾರ್ಫ್‌ಗಳಲ್ಲಿ ಕುದುರೆ ದಳವೇ ಇಲ್ಲ. ಬದಲಿಗೆ ಫಿರಂಗಿ, ಗಟ್ಟಿ ಕವಚ, ಸುಲಭಕ್ಕೆ ಕದಲದ ಎದೆ. ಗುಡ್ಡದ ಮೇಲೆ ಫಿರಂಗಿ ಇಟ್ಟು, ಕೆಳಗೆ ಗುರಾಣಿಯವರನ್ನು ನಿಲ್ಲಿಸಿ, ‘ಬನ್ನಿ ನೋಡೋಣ’ ಅಂತ ಕಾಯುವವರ ಪಾಳಯ ಅದು. ಬ್ರೆಟೋನಿಯಾ ಪೂರ್ತಿ ಉಲ್ಟಾ. ಅವರ ಸವಾರರ ಉದ್ದದ ಈಟಿಗೆ ಪೂರ್ತಿ ಬಲ ಬರುವುದು ನುಗ್ಗಿದ ಸರದಿಯಲ್ಲಿ ಮಾತ್ರ. ಆ ಏಟಿಗೆ ಎದುರಿನವರು ಕಾಲಿಗೆ ಬುದ್ಧಿ ಹೇಳಿದರೆ ಸರಿ. ಅವರು ಕಚ್ಚಿಕೊಂಡು ನಿಂತರೋ, ಮುಂದಿನ ಸರದಿಯಲ್ಲಿ ಈಟಿಯ ಜೋರು ಇಳಿದಿರುತ್ತದೆ, ಮಗ್ಗುಲಿಂದ ಇನ್ನೊಂದು ತುಕಡಿ ಬಂದು ಬಡಿಯುತ್ತದೆ. ಟೂಂಬ್ ಕಿಂಗ್‌ಗಳ ಅಸ್ಥಿಪಂಜರಗಳು ಹೆದರಿ ಓಡುವವರಲ್ಲ, ಸೋತರೆ ನಿಂತಲ್ಲೇ ಉದುರುತ್ತವೆ. ಅವರನ್ನು ಎಬ್ಬಿಸಿ ನಿಲ್ಲಿಸಿದ ಮುಖ್ಯ ಪುರೋಹಿತ ಸತ್ತರೆ ಇಡೀ ಪಾಳಯಕ್ಕೇ ಕುತ್ತು.

ಎರಡನೆಯ ಅರ್ಥ: ನಿಮ್ಮ ಬೀರುವಿನಲ್ಲಿ ಇರುವ ಅಷ್ಟೂ ಗೊಂಬೆಗಳು. ಬಣ್ಣ ಹಚ್ಚಿದವು, ಹಚ್ಚದವು, ಇನ್ನೂ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿಯೇ ಇಲ್ಲದವು. ಇದಕ್ಕೆ ‘ದಂಡು’ ಅನ್ನೋಣ ಅಂತಿದ್ದೇನೆ. ‘ಬೆಂಗಳೂರು ದಂಡು’ ರೈಲು ನಿಲ್ದಾಣದಿಂದಾಗಿ ಪದ ಎಲ್ಲರಿಗೂ ಗೊತ್ತು. ‘ಮದುವೆಗೆ ದಂಡು ಕಟ್ಟಿಕೊಂಡು ಬಂದ’ ಅಂತ ಇವತ್ತಿಗೂ ಆಡುತ್ತೇವೆ. ಕಟ್ಟು ಅನ್ನುವ ಕ್ರಿಯೆಯೂ ಜೊತೆಗೇ ಸಿಗುತ್ತದೆ: ಪಾಳಯ ಆರಿಸು, ದಂಡು ಕಟ್ಟು.

ಮೂರನೆಯದು: ಇವತ್ತಿನ ಆಟಕ್ಕೆ ಅಂತ ದಂಡಿನಿಂದ ಆರಿಸಿ ತಂದ 2000 ಪಾಯಿಂಟಿನ ಪಟ್ಟಿ. ಇದು ‘ಪಡೆ’. ಕ್ರಿಕೆಟ್ ವರದಿಗಳಲ್ಲಿ ನಾಯಕನ ಹೆಸರಿನ ಮುಂದೆ ಪಡೆ ಬರುತ್ತದಲ್ಲ, ಅದೇ ಅರ್ಥ: ಇವತ್ತು ಕಣಕ್ಕಿಳಿದವರು. (ಪಾಯಿಂಟ್‌ಗೆ ‘ಅಂಕ’ ಬೇಡ. ಇದು ಗಳಿಸುವುದಲ್ಲ, ಪ್ರತಿ ಗೊಂಬೆಗೂ ಕಟ್ಟಿದ ಬೆಲೆ.)

ಪೇಚಾಟ ಇರುವುದೇ ಇಲ್ಲಿ. ಪಡೆಗೆ ನಿಯಮ ಉಂಟು. ಕೋರ್ ಅನ್ನುವ ಸಾಮಾನ್ಯ ಆಳುಗಳ ತುಕಡಿಗಳು ಕನಿಷ್ಠ 25 ಶೇಕಡಾ ಇರಬೇಕು. ನಾಯಕರು, ಮಾಂತ್ರಿಕರು ಎಲ್ಲ ಸೇರಿ 50 ಶೇಕಡಾ ಮೀರುವಂತಿಲ್ಲ. ಅಂದರೆ 2000ದಲ್ಲಿ 500 ಪಾಯಿಂಟ್ ಸಾಮಾನ್ಯ ಆಳುಗಳಿಗೇ ಹೋಗಬೇಕು. ಹೊಸಬರು ಡ್ರ್ಯಾಗನ್ ಮೇಲೆ ಕೂತ ರಾಜ, ಎರಡು ಫಿರಂಗಿ, ಒಬ್ಬ ಮಾಂತ್ರಿಕ ಅಂತ ಮೊದಲು ಕೊಳ್ಳುತ್ತಾರೆ. ಪಾಳಯ ಇದೆ, ದಂಡೂ ಇದೆ, ಪಡೆ ಮಾತ್ರ ಆಗುವುದಿಲ್ಲ. ಕನ್ನಡದಲ್ಲಿ ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು, ನೋಡಿ. ಕೋರ್‌ಗೆ ‘ಮೂಲಬಲ’ ಹೇಗೆ? ತಾಳಮದ್ದಳೆ ಕೇಳಿದವರಿಗೆ ರಾವಣನ ಮೂಲಬಲ ಹೊಸದಲ್ಲ.

ಚಿಲ್ಲರೆ ಪದಗಳು ಕೆಲವು. ಯೂನಿಟ್‌ಗೆ ‘ತುಕಡಿ’ ಖಚಿತ, ಬಂದೋಬಸ್ತಿನ ಸುದ್ದಿಯಲ್ಲಿ ಪೊಲೀಸ್ ತುಕಡಿ ದಿನಾ ಓದುತ್ತೇವೆ. ‘ದಳ’ವನ್ನು ಒಂಟಿಯಾಗಿ ಬಳಸಿದರೆ ನಮ್ಮಲ್ಲಿ ಪಕ್ಷದ ವಾಸನೆ ಬರುತ್ತದೆ. ಗೊಂಬೆಯ ಕಾಲಡಿಯ ಬೇಸ್‌ಗೆ ‘ಮಣೆ’. ಕಾಲಾಳಿನ ಮಣೆ ಹೆಚ್ಚಾಗಿ 25 ಮಿ.ಮೀ. ಚೌಕ. ಅಂಚಿಗೆ ಅಂಚು ತಾಗಿಸಿ ಇಪ್ಪತ್ತು ಮಣೆ ಜೋಡಿಸಿದರೆ ಇಡೀ ತುಕಡಿಯನ್ನು ಒಂದು ತಟ್ಟೆಯ ಮೇಲಿಟ್ಟು ಒಟ್ಟಿಗೆ ಸರಿಸಬಹುದು. ಏಜ್ ಆಫ್ ಸಿಗ್ಮಾರ್‌ನಲ್ಲಿ ಮಣೆ ದುಂಡಗೆ, ಅಲ್ಲಿ ಈ ಸಾಲುಗಟ್ಟುವ ಕೆಲಸ ಇಲ್ಲ.

ಬಗೆಹರಿಯದ್ದು ಇನ್ನೊಂದಿದೆ. ಮ್ಯಾಂಟಿಕ್ ಕಂಪನಿಯ ಕಿಂಗ್ಸ್ ಆಫ್ ವಾರ್ ಆಟದಲ್ಲಿ ತುಕಡಿಗೆ ಅಳತೆಗಳಿವೆ. ಕಾಲಾಳಾದರೆ 10 ಜನರದ್ದು ಟ್ರೂಪ್, 20ರದ್ದು ರೆಜಿಮೆಂಟ್, 40ರದ್ದು ಹೋರ್ಡ್. ನಮ್ಮ ಹಳೆಯ ಲೆಕ್ಕದಲ್ಲಿ ಪತ್ತಿ, ಸೇನಾಮುಖ, ಗುಲ್ಮ ಅಂತ ಮೂರು ಮೂರು ಪಟ್ಟು ಏರುತ್ತಾ, ಕೊನೆಯ ಮೆಟ್ಟಿಲಲ್ಲಿ ಮಾತ್ರ ಹತ್ತು ಪಟ್ಟಾಗಿ, ಅಕ್ಷೌಹಿಣಿವರೆಗೆ ಹೋಗುತ್ತದೆ. ಆದರೆ ಒಂದು ಪತ್ತಿಯಲ್ಲೇ ಆನೆ, ರಥ, ಮೂರು ಕುದುರೆ, ಐದು ಕಾಲಾಳು. ಇಲ್ಲಿ ತುಕಡಿಯಲ್ಲಿ ಎಲ್ಲರೂ ಒಂದೇ ಜಾತಿಯ ಆಳುಗಳು. ಹಾಗಾಗಿ ಅದು ಹೊಂದುವುದಿಲ್ಲ. ಕಿರುತುಕಡಿ, ತುಕಡಿ, ಹಿರಿತುಕಡಿ ಅಂದರೆ ತೀರಾ ಸಪ್ಪೆ ಅನ್ನಿಸುತ್ತಿದೆ. ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆಯುತ್ತದಾ?

ಕೊನೆಗೆ ರಾವುತ. ಬ್ರೆಟೋನಿಯಾದ ಸವಾರರಿಗೆ ಇದಕ್ಕಿಂತ ಚಂದದ ಪದ ಇಲ್ಲ. ಆದರೆ ಓರ್ಕ್‌ಗಳು ಕಾಡುಹಂದಿ ಏರಿ ಬರುತ್ತವೆ, ಅವುಗಳ ಜೊತೆಯ ಪುಟ್ಟ ಗಾಬ್ಲಿನ್‌ಗಳು ತೋಳದ ಮೇಲೆ. ರಾವುತ ಬಂದಿರುವುದು ‘ರಾಜಪುತ್ರ’ದಿಂದ, ಪದದ ಹುಟ್ಟಿನಲ್ಲಿ ಕುದುರೆಯೇ ಇಲ್ಲ. ಹಾಗಿದ್ದ ಮೇಲೆ ‘ಹಂದಿರಾವುತ’, ‘ತೋಳರಾವುತ’ ಅನ್ನಬಹುದಾ? ಅಥವಾ ನಿಮ್ಮ ಕಿವಿಗೆ ರಾವುತ ಅಂದರೆ ಕುದುರೆ ಬಂದೇ ಬರುತ್ತದಾ? ಕುದುರೆ ಬಿಟ್ಟು ಬೇರೆ ಏನನ್ನಾದರೂ ಏರಿದವನನ್ನು ರಾವುತ ಅಂದದ್ದು ಯಾರಾದರೂ ಓದಿದ್ದರೆ, ಎಲ್ಲಿ ಅಂತ ದಯವಿಟ್ಟು ತಿಳಿಸಿ.